ಕೊನೆಯ ಚಿತ್ರಕ್ಕೆ ಕೂತವನು

ನಮ್ಮೂರಿನಲ್ಲಿ ಛತ್ರಿ ಬಿಚ್ಚುವ ಮುನ್ನ ಜನ ಒಂದು ಗಳಿಗೆ ಯೋಚಿಸುತ್ತಾರೆ. ಬಹಳ ಹಿಂದೆ ಇಲ್ಲಿಯ ಚಿತ್ರಕಲಾ ಶಾಲೆಯ ಹುಡುಗನೊಬ್ಬ ಕೊನೆಯ ವರ್ಷದ ಪರೀಕ್ಷೆಯಲ್ಲಿ ಛತ್ರಿಯ ಚಿತ್ರವಿಟ್ಟು, ಇದರ ಅರ್ಥ ತಂದೆ ಎಂದುಬಿಟ್ಟ. ಅಂದಿನಿಂದ ಊರಿನ ಗಡಿಯೊಳಗೆ ಯಾರು ಛತ್ರಿ ಬಿಚ್ಚಿದರೂ ಪಕ್ಕದಲ್ಲಿ ಅಪ್ಪ ಬಂದು ನಿಂತಂತಾಗುತ್ತದೆ. ಒಳ್ಳೆಯ ಅಪ್ಪಂದಿರ ಮಕ್ಕಳು ಮೋಡ ಕಂಡರೆ ಸಾಕು, ಛತ್ರಿ ಹಿಡಿದು ಬೀದಿ ಸುತ್ತುತ್ತಾರೆ. ಉಳಿದವರು ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ಓಡುತ್ತಾರೆ. ಹಾಗೆ ಓಡುವವರನ್ನು ಯಾರೂ ನಿಲ್ಲಿಸಿ ಏನನ್ನೂ ಕೇಳುವುದಿಲ್ಲ.

ಏಣಿಯದೂ ಅದೇ ಕಥೆ. ಏಣಿ ಎಂದರೆ ಆಸೆ ಎಂದು ಇನ್ನೊಬ್ಬ ಹೇಳಿಹೋದ ಮೇಲೆ, ಸುಣ್ಣ ಬಳಿಯಲು ಏಣಿ ಹತ್ತಿದವರು ಏನನ್ನಾದರೂ ಬೇಡದೆ ಕೆಳಗಿಳಿಯುವುದಿಲ್ಲ. ಒಬ್ಬ ಮನೆಯವರ ಹಸುವನ್ನೇ ಕೇಳಿದ, ಇನ್ನೊಬ್ಬ ನನಗೂ ಹಾಡು ಕಲಿಸಿ ಎಂದು ಹಟ ಹಿಡಿದ. ಈಗ ಸುಣ್ಣದವರು ಉದ್ದನೆಯ ಕೋಲಿಗೆ ಬ್ರಷ್ಷು ಕಟ್ಟಿಕೊಂಡು ನೆಲದ ಮೇಲೆ ನಿಂತೇ ಕೆಲಸ ಮುಗಿಸುತ್ತಾರೆ. ಬೀಗಕ್ಕೆ ಸಂಶಯ ಎಂಬ ಅರ್ಥ ಅಂಟಿದ ವರ್ಷವಂತೂ ಊರಿನ ಅರ್ಧ ಸಂಸಾರಗಳಲ್ಲಿ ಮಾತುಕತೆ ನಿಂತುಹೋಯಿತು. ಆಮೇಲೆ ಎಲ್ಲರೂ ಬೀಗಗಳನ್ನು ಕೆರೆಗೆಸೆದು ಬಾಗಿಲಿಗೆ ಹಗ್ಗ ಕಟ್ಟಿಕೊಳ್ಳಲು ಶುರುಮಾಡಿದರು.

ಪರೀಕ್ಷೆಗೆ ಪ್ರತಿ ವಿದ್ಯಾರ್ಥಿಯೂ ಐದಾರು ಚಿತ್ರ ಇಡಬೇಕು. ಮೊದಲಿನ ಚಿತ್ರಗಳ ಬಗ್ಗೆ ಏನು ಬೇಕಾದರೂ ಕೊರೆಯಬಹುದು. ಆತ್ಮ ಎನ್ನಬಹುದು, ಬ್ರಹ್ಮಾಂಡ ಎನ್ನಬಹುದು, ಯಾರಿಗೂ ತೊಂದರೆಯಿಲ್ಲ. ಆದರೆ ಕೊನೆಯ ಚಿತ್ರಕ್ಕೆ ಅವರು ಹೇಳುವ ಒಂದೇ ಒಂದು ಮಾತು ಆ ವಸ್ತುವಿಗೆ ಅಂಟಿಕೊಳ್ಳುತ್ತದೆ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಪರೀಕ್ಷೆ ಯಾವಾಗ ಎಂದು ಮಾತ್ರ ಎಲ್ಲರೂ ಕೇಳುತ್ತಾರೆ. ಆ ದಿನಗಳಲ್ಲಿ ಪಾತ್ರೆ ಅಂಗಡಿಯವರು, ಕುಂಬಾರರು, ಮಂಚ ಮಾಡುವವರು ವಿದ್ಯಾರ್ಥಿಗಳನ್ನು ಕರೆದು ಕೂರಿಸಿ, ಸಿಹಿ ತಿನ್ನಿಸಿ, ನಮ್ಮ ಸಾಮಾನಿನ ತಂಟೆಗೆ ಬರಬೇಡ್ರಪ್ಪ ಎಂದು ಕೈ ಮುಗಿಯುತ್ತಾರೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನಾನೂ ಅಂಥದೊಂದು ಕೊನೆಯ ಚಿತ್ರ. ನನ್ನ ಹೆಸರು ವೆಂಕೋಬ. ಇಪ್ಪತ್ತರ ಹರೆಯದಲ್ಲಿ ಮಾಡಲು ಕೆಲಸವಿಲ್ಲದೆ ಮನೆಯ ಜಗಲಿಯ ಮೇಲೆ ಕೂತಿರುತ್ತಿದ್ದೆ. ನನ್ನ ಜೀವದ ಗೆಳೆಯ ದಿವಾಕರ ಆಗ ಚಿತ್ರಕಲಾ ಶಾಲೆಯ ಕೊನೆಯ ವರ್ಷದಲ್ಲಿದ್ದ. ಸುಮ್ಮನೆ ಕೂತವನನ್ನು ಬರೆಯುವುದು ಸುಲಭ ಎಂದು ಅವನು ನನ್ನನ್ನೇ ಬರೆದ. ಚಿತ್ರ ಚೆನ್ನಾಗಿಯೇ ಬಂದಿತ್ತು. ಅದಕ್ಕೆ ಹೇಳಬೇಕಾದ ಮಾತನ್ನೂ ವಾರಗಟ್ಟಲೆ ಯೋಚಿಸಿ ಇಟ್ಟುಕೊಂಡಿದ್ದ, ನನಗೂ ಬಾಯಿ ಬಿಟ್ಟಿರಲಿಲ್ಲ. ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕದ ಮೇಲಿನಿಂದ ದುರುಗುಟ್ಟಿ ನೋಡಿದ್ದೇ ತಡ, ಇವನ ತಲೆಯೊಳಗಿದ್ದದ್ದೆಲ್ಲ ಖಾಲಿಯಾಯಿತು. ಅರ್ಥ ಹೇಳಪ್ಪ ಎಂದು ಅವರು ಮತ್ತೆ ಗದರಿದಾಗ, ಯೋಚಿಸಿಟ್ಟ ಮಾತು ಕೈಕೊಟ್ಟು, ಗಾಬರಿಯಲ್ಲಿ ನಾಲಿಗೆಯ ಮೇಲೆ ಉಳಿದದ್ದು ಒಂದೇ ಮಾತು. ಮರೆತದ್ದು, ಎಂದುಬಿಟ್ಟ.

ಅಂದಿನಿಂದ ನನ್ನ ಮುಖ ನೋಡಿದವರಿಗೆಲ್ಲ ತಾವು ಮರೆತ ಏನೋ ಒಂದು ನೆನಪಾಗುತ್ತಿತ್ತು. ಒಲೆಯ ಮೇಲಿಟ್ಟ ಹಾಲು, ಅಂಗಡಿಯಲ್ಲಿ ಬಿಟ್ಟು ಬಂದ ಚೀಲ, ಆಸ್ಪತ್ರೆಯಲ್ಲಿರುವ ಚಿಕ್ಕಪ್ಪ. ನೆನಪಾದವರು ಕೂತಲ್ಲಿ ಕೂರುತ್ತಿರಲಿಲ್ಲ. ಅಯ್ಯೋ, ಒಂದು ನಿಮಿಷ ಬಂದೆ ಎಂದು ಎದ್ದು ಓಡುತ್ತಿದ್ದರು, ವಾಪಸು ಬರುವುದನ್ನು ಮರೆಯುತ್ತಿದ್ದರು. ಒಮ್ಮೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಕೇಸರಿಬಾತಿನ ತಟ್ಟೆ ಹಿಡಿದು ಬಂದು, ತಲೆ ಎತ್ತಿ ನನ್ನನ್ನು ನೋಡಿದಳು. ಹಿಂದೊಮ್ಮೆ ಯಾರಿಗೋ ಮಾತು ಕೊಟ್ಟಿದ್ದು ಅವಳಿಗೆ ಅಲ್ಲೇ ನೆನಪಾಯಿತು. ಮುಂದೆ ಆ ಹುಡುಗನನ್ನೇ ಮದುವೆಯಾದಳು. ಮದುವೆಗೆ ನನ್ನನ್ನು ಕರೆಯಲು ಮರೆತರು, ನೆನಪಿಸಲು ನಾನು ಎದುರಿಗಿರಲಿಲ್ಲವಲ್ಲ.

ನನ್ನ ಅಮ್ಮ ಇರುವವರೆಗೂ ನನಗೆ ಊಟ ಬಡಿಸಿ, ನನಗೆ ಬೆನ್ನು ಮಾಡಿ ಕೂರುತ್ತಿದ್ದಳು. ಎದುರಿಗೆ ಕೂತರೆ ಏನಾದರೂ ನೆನಪಾಗಿ ಎದ್ದು ಹೋಗಬೇಕಾಗುತ್ತದೆ, ಮಗ ಒಬ್ಬನೇ ಊಟ ಮಾಡಬೇಕಾಗುತ್ತದೆ ಎಂದು. ಅಮ್ಮನ ಬೆನ್ನು ನೋಡುತ್ತ ಉಂಡ ಊಟದ ರುಚಿ ಇನ್ನೂ ನನ್ನ ಬಾಯಲ್ಲಿದೆ. ಅವಳು ಹೋದ ಮೇಲೆ ನನ್ನ ಜೊತೆ ಒಂದು ಊಟವನ್ನು ಪೂರ್ತಿ ಮುಗಿಸಿದವರು ಯಾರೂ ಇರಲಿಲ್ಲ.

ಊರಿನವರು ಜಾಣರು, ಇದರಲ್ಲೂ ಒಂದು ಉಪಯೋಗ ಕಂಡುಕೊಂಡರು. ನನ್ನನ್ನು ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ನಿಲ್ಲಿಸಿ ಕೆಲಸ ಕೊಟ್ಟರು. ಬಸ್ಸಿನಿಂದ ಇಳಿದವರು ನನ್ನನ್ನು ನೋಡಿ ಜೇಬು ಮುಟ್ಟಿಕೊಂಡು ಹಿಂದಕ್ಕೆ ಓಡುವರು, ಸೀಟಿನ ಕೆಳಗೆ ಬಿಟ್ಟ ಗಂಟು ಹೊತ್ತು ತರುವರು. ಮದುವೆ ಮನೆಯವರು ತಾಳಿ ತರುವುದು ಮರೆಯದಿರಲಿ ಎಂದು ಹಿಂದಿನ ದಿನ ನನ್ನನ್ನು ಕರೆದು ಅಂಗಳದಲ್ಲಿ ಒಂದು ಸುತ್ತು ಹಾಕಿಸುತ್ತಿದ್ದರು. ಎಲ್ಲರಿಗೂ ನಾನು ಬೇಕಾಗಿತ್ತು, ಐದು ನಿಮಿಷಕ್ಕೆ. ದಿವಾಕರನಿಗೆ ಮಾತ್ರ ಅಷ್ಟಕ್ಕೂ ಬೇಡವಾಗಿತ್ತು. ಅವನು ಈಗ ಅದೇ ಶಾಲೆಯ ಪ್ರಿನ್ಸಿಪಾಲ. ನಾನು ಎದುರು ಬಂದರೆ ಕತ್ತು ಬಗ್ಗಿಸಿ ಆಚೆ ಬದಿಗೆ ದಾಟುತ್ತಿದ್ದ. ನನ್ನ ಗತಿ ನೋಡಿದ ಶಾಲೆಯವರು ಒಂದು ನಿಯಮ ಮಾಡಿದ್ದರು. ಕೊನೆಯ ಚಿತ್ರದಲ್ಲಿ ಮನುಷ್ಯರನ್ನು ಬರೆಯುವುದಾದರೆ, ಆ ಮನುಷ್ಯ ಸಭೆಯಲ್ಲಿ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು. ಯಾರು ಒಪ್ಪುತ್ತಾರೆ? ಅಂದಿನಿಂದ ಹುಡುಗರು ಚೊಂಬು, ಚಾಪೆ ಬರೆದುಕೊಂಡು ಪಾಸಾಗುತ್ತಿದ್ದರು.

ಇಷ್ಟರ ನಡುವೆ ದಿನಾ ತಪ್ಪದೆ ನನ್ನ ಜಗಲಿಗೆ ಬರುತ್ತಿದ್ದವಳು ಸಾಕಮ್ಮಜ್ಜಿ. ಎದುರು ಮನೆಯವಳು, ಒಂದು ಕಾಲಕ್ಕೆ ಊರಿಗೆಲ್ಲ ಹೂ ಕಟ್ಟಿ ಕೊಟ್ಟವಳು. ಈಚೆಗೆ ಅಜ್ಜಿಗೆ ಒಂದೊಂದಾಗಿ ಎಲ್ಲ ಮರೆತು ಹೋಗುತ್ತಿತ್ತು. ಬೆಳಿಗ್ಗೆ ಎದ್ದರೆ ಇದು ಯಾರ ಮನೆ ಎಂದು ಸೊಸೆ ನಾಗರತ್ನಳನ್ನೇ ಕೇಳುವಳು. ನಾಗರತ್ನ ಕೈಹಿಡಿದು ಕರೆತಂದು ನನ್ನ ಜಗಲಿಯ ಮೇಲೆ ಕೂರಿಸುವಳು. ಅಜ್ಜಿ ನನ್ನ ಮುಖ ನೋಡುವಳು. ನೋಡುತ್ತ ನೋಡುತ್ತ ಕಣ್ಣು ತುಂಬಿ, ಗಿರಿಜೆ ಎನ್ನುವಳು. ಗಿರಿಜೆ ಅವಳ ಮಗಳು, ಏಳು ವರ್ಷದವಳಿದ್ದಾಗ ಜ್ವರ ಬಂದು ಹೋದವಳು. ದಿನಕ್ಕೊಂದು ಸಂಗತಿ ಅಜ್ಜಿಗೆ ನೆನಪಾಗುತ್ತಿತ್ತು. ಗಿರಿಜೆ ಎಡಗೈಯಲ್ಲಿ ಹೂ ಕಟ್ಟುತ್ತಿದ್ದಳು. ಗಿರಿಜೆಗೆ ಮೊಸರು ಕಂಡರೆ ಆಗುತ್ತಿರಲಿಲ್ಲ. ಅಷ್ಟು ಹೇಳುವುದರಲ್ಲಿ ಇನ್ನೇನೋ ನೆನಪಾಗಿ, ಹೂವಿಗೆ ನೀರು ಚಿಮುಕಿಸಿಲ್ಲ ಎಂದು ಎದ್ದುಬಿಡುವಳು. ಮಾರನೆಯ ಬೆಳಿಗ್ಗೆಗೆ ಅಜ್ಜಿಗೆ ಗಿರಿಜೆ ಮತ್ತೆ ಮರೆತುಹೋಗಿರುತ್ತಿದ್ದಳು.

ಆ ವರ್ಷ ಬೇಸಿಗೆಗೆ ಮುಂಚೆ ಮಂದಾಕಿನಿ ಎಂಬ ಹುಡುಗಿ ನನ್ನ ಮನೆ ಬಾಗಿಲಿಗೆ ಬಂದಳು. ಬೇರೆ ಊರಿನವಳು, ಶಾಲೆಯ ಕೊನೆಯ ವರ್ಷ. ಸಣ್ಣಗೆ, ಕಪ್ಪಗೆ, ಬೆರಳಿನ ತುಂಬ ಇದ್ದಿಲು. ನನ್ನ ಮುಖ ನೋಡಿದ ಕೂಡಲೇ ರಬ್ಬರು ಮರೆತು ಬಂದದ್ದು ನೆನಪಾಗಿ ಓಡಿಹೋದಳು. ಓಡಿಹೋದವರ ಪಟ್ಟಿಗೆ ಇನ್ನೊಬ್ಬಳು ಎಂದುಕೊಂಡೆ. ಆಶ್ಚರ್ಯವೆಂದರೆ ಅವಳು ತಿರುಗಿ ಬಂದಳು.

“ಮಾಮ, ಕೊನೇ ಚಿತ್ರಕ್ಕೆ ನಿಮ್ಮನ್ನ ಬರೀಬೇಕು ಅಂತಿದೀನಿ,” ಎಂದಳು.

ನನ್ನನ್ನು ಒಮ್ಮೆ ಬರೆದಾಗಿದೆ, ಅದರ ಫಲ ಇನ್ನೂ ಉಣ್ಣುತ್ತಿದ್ದೇನೆ ಎಂದೆ.

“ಬರೆದಿರೋದು ಗೊತ್ತು. ಅವ್ರು ಹೇಳಿರೋ ಅರ್ಥ ನಂಗೆ ಒಪ್ಪಿಗೆ ಇಲ್ಲ.”

ಅಂಟಿದ ಅರ್ಥ ಬಿಡಬೇಕಾದರೆ ಅದೇ ವಸ್ತುವನ್ನು ಯಾರಾದರೂ ಮತ್ತೆ ಕೊನೆಯ ಚಿತ್ರವಾಗಿ ಬರೆದು ಬೇರೆ ಮಾತು ಹೇಳಬೇಕು. ಯಾರೂ ಹಾಗೆ ಮಾಡುವುದಿಲ್ಲ, ಹೊಸತನವಿಲ್ಲ ಎಂದು ಮೇಷ್ಟ್ರುಗಳು ಅಂಕ ಕತ್ತರಿಸುತ್ತಾರೆ. ಈ ಹುಡುಗಿಗೆ ಅಂಕದ ಚಿಂತೆ ಇದ್ದಂತಿರಲಿಲ್ಲ. ಅವಳು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದಳಂತೆ. ಜನ ನನ್ನ ಎದುರಿನಿಂದ ಓಡಿಹೋಗುವಾಗಲೆಲ್ಲ ನನ್ನ ಬಲಗೈ ಅರ್ಧ ಮೇಲೆದ್ದು ಹಾಗೇ ನಿಲ್ಲುತ್ತದಂತೆ. ಅದು ಕರೆಯುವ ಕೈಯೋ ಕಳಿಸಿಕೊಡುವ ಕೈಯೋ ಗೊತ್ತಾಗಲಿಲ್ಲ, ಅದನ್ನೇ ಬರೆಯಬೇಕು ಎಂದಳು. ನನ್ನ ಕೈ ಹಾಗೆ ಏಳುತ್ತದೆ ಎಂದು ನನಗೇ ತಿಳಿದಿರಲಿಲ್ಲ. ಅದನ್ನು ಕಂಡ ಹುಡುಗಿಗೆ ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಮೊದಲು ಬರಿ, ಒಪ್ಪಿಗೆಯ ಮಾತು ಆಮೇಲೆ ಎಂದೆ.

ಮೊದಮೊದಲು ಅವಳೂ ಎಲ್ಲರಂತೆಯೇ ಇದ್ದಳು. ಚಿತ್ರಕಲೆಯ ಮಕ್ಕಳಿಗೆ ಪೊರಕೆ ತೋರಿಸಿದರೂ ಅದರಲ್ಲಿ ಜೀವನದ ಅರ್ಥ ಕಾಣುತ್ತದೆ. ನನ್ನ ಹಿಂದೆ ಒಂದು ಬತ್ತಿದ ಬಾವಿ, ಮುಳ್ಳಿಲ್ಲದ ಗಡಿಯಾರ, ಬಾಗಿಲು ತೆರೆದ ಪಂಜರ ಬರೆದು ತಂದಳು. ಬಾವಿ ಮನಸ್ಸಂತೆ, ಗಡಿಯಾರ ಕಾಲವಂತೆ. ಪಂಜರ ಏನೆಂದು ಅವಳಿಗೂ ಖಚಿತವಿರಲಿಲ್ಲ. ಇಷ್ಟು ಸಾಮಾನು ಸುತ್ತ ಇಟ್ಟರೆ ನಾನು ಗುಜರಿ ಅಂಗಡಿಯವನಂತೆ ಕಾಣುತ್ತೇನಮ್ಮ ಎಂದೆ. ಅವಳಿಗೆ ಸಿಟ್ಟು ಬಂತು. ಮಾರನೆಯ ದಿನ ಆ ಹಾಳೆಗಳನ್ನೆಲ್ಲ ನಾಗರತ್ನಳ ಒಲೆಗೆ ಕೊಟ್ಟು ಬಂದಳು.

ಆಮೇಲೆ ಸುಮ್ಮನೆ ನೋಡತೊಡಗಿದಳು. ನೋಡಿದಷ್ಟೂ ಏನಾದರೂ ನೆನಪಾಗಿ ಏಳುವಳು, ಮತ್ತೆ ಬರುವಳು. ನಲ್ಲಿಯ ಕೆಳಗೆ ಬಿಟ್ಟ ಬಕೆಟ್ಟು, ಗೆಳತಿಗೆ ಹೇಳದೇ ಉಳಿದ ಒಂದು ಥ್ಯಾಂಕ್ಸು, ಮೂರನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಪದ್ಯ. ಎದ್ದು ಹೋಗಿ ಬರುವ ದಾರಿಯಲ್ಲಿ ಅವಳಿಗೆ ಬೇಕಾದದ್ದು ಸಿಗುತ್ತಿತ್ತು. ನನ್ನ ಜಗಲಿಯ ಕೆಳಗೆ ಬಿಟ್ಟ ಚಪ್ಪಲಿಗಳನ್ನು ಬರೆದಳು. ನನ್ನ ಮನೆಗೆ ಬಂದವರು ಚಪ್ಪಲಿಯನ್ನು ಬೀದಿಯ ಕಡೆಗೆ ಮುಖ ಮಾಡಿಯೇ ಬಿಡುತ್ತಿದ್ದರು, ಏಳುವಾಗ ತಿರುಗಿಸುವ ಕೆಲಸ ಇರಬಾರದೆಂದು. ಎರಡು ಲೋಟ ಕಾಫಿ ಬರೆದಳು, ಒಂದು ಖಾಲಿ, ಒಂದರ ಮೇಲೆ ಕೆನೆ ಕಟ್ಟಿದೆ. ಗೋಡೆಗೆ ಮುಖ ಮಾಡಿ ಕೂತ ಹೆಂಗಸಿನ ಬೆನ್ನು ಬರೆದಳು. ಅಮ್ಮನ ವಿಷಯ ನಾನೇ ಯಾವಾಗಲೋ ಹೇಳಿದ್ದೆ. ಆ ಹಾಳೆಯನ್ನು ನೋಡಿ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವಳು ಹೊರಗೇ ಕಾದಿದ್ದಳು.

ಒಂದು ಬೆಳಿಗ್ಗೆ ಬರೆಯುತ್ತಿದ್ದವಳ ಕೈ ತಟ್ಟನೆ ನಿಂತಿತು. ನನ್ನನ್ನೇ ನೋಡುತ್ತಿದ್ದಳು, ಆದರೆ ಕಾಣುತ್ತಿದ್ದದ್ದು ನಾನಲ್ಲ. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಅವರದೊಂದು ನೆನಪೂ ತನಗಿಲ್ಲ ಎಂದೇ ತಿಳಿದಿದ್ದಳು. ಈ ಊರಿಗೆ ಬಂದ ಹೊಸದರಲ್ಲಿ ಆಸೆಯಿಂದ ಛತ್ರಿ ಬಿಚ್ಚಿ ನೋಡಿದ್ದಳಂತೆ, ಪಕ್ಕದಲ್ಲಿ ಯಾರೋ ನಿಂತಂತಾಯಿತು, ಯಾರೆಂದು ಗುರುತು ಸಿಗಲಿಲ್ಲ. ಈಗ ನೆನಪಾಯಿತು. ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಅಪ್ಪ ಒದ್ದೆ ಬೆರಳಿನಿಂದ ಹಕ್ಕಿ ಬರೆಯುತ್ತಿದ್ದರು. ಬಾಲ ಬರೆಯುವಷ್ಟರಲ್ಲಿ ಕೊಕ್ಕು ಆರಿಹೋಗುತ್ತಿತ್ತು. ಇವಳು ಕೇಕೆ ಹಾಕಿ ಇನ್ನೊಂದು, ಇನ್ನೊಂದು ಎನ್ನುತ್ತಿದ್ದಳು. ಅಷ್ಟು ಹೇಳಿ ಮಂದಾಕಿನಿ ಇದ್ದಿಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಎದ್ದು ಹೋಗಲಿಲ್ಲ.

ಅದಾದ ಮೇಲೆ ಅವಳು ಏಳುವುದೇ ನಿಂತುಹೋಯಿತು. ಸಣ್ಣಪುಟ್ಟದ್ದು ನೆನಪಾದರೂ ಆಮೇಲೆ ನೋಡೋಣ ಎಂದು ಬಿಡುವಳು. ಒಂದು ಮಧ್ಯಾಹ್ನ ಚಿತ್ರಾನ್ನ ಮಾಡಿದ್ದೆ. ಎದುರಿಗೆ ಕೂತು ಪೂರ್ತಿ ಊಟ ಮಾಡಿದಳು, ಕರಿಬೇವನ್ನು ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಕಾಫಿ ಕೊಟ್ಟೆ. ಮಾತಾಡುತ್ತ ಅದು ತಣ್ಣಗಾಯಿತು, ತಣ್ಣಗಾದದ್ದನ್ನೇ ಕುಡಿದಳು. ನನ್ನ ಆಯುಷ್ಯದಲ್ಲಿ ನನ್ನೆದುರು ಯಾರೂ ಕಾಫಿಯನ್ನು ತಣ್ಣಗಾಗುವವರೆಗೆ ಇಟ್ಟುಕೊಂಡು ಕುಡಿದಿರಲಿಲ್ಲ. ಇಷ್ಟು ದಿನ ಅಭ್ಯಾಸವಾಗಿದೆ, ಒಂಟಿತನ ನನಗೇನೂ ಹೊಸದಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನು. ಆ ಮಧ್ಯಾಹ್ನದ ನಂತರ ಹಾಗೆ ಹೇಳಿಕೊಳ್ಳಲು ಆಗಲಿಲ್ಲ. ಪರೀಕ್ಷೆ ಮುಗಿದರೆ ಈ ಹುಡುಗಿ ಹೊರಟು ಹೋಗುತ್ತಾಳೆ, ಮತ್ತೆ ಅದೇ ಓಡುವ ಬೆನ್ನುಗಳು. ನನಗೆ ಭಯವಾಯಿತು.

ನನ್ನ ಒಪ್ಪಿಗೆ ಇದೆ, ಬೇರೆ ಮಾತು ಹೇಳಿಬಿಡು ಎಂದೆ.

ಈಗ ಹಿಂದೆಗೆದವಳು ಅವಳು. ಎದುರು ಮನೆಯ ಕಡೆ ನೋಡಿದಳು.

“ಮಾಮ, ನಂಗೆ ಅಪ್ಪ ಸಿಕ್ಕಿದ್ದು ನಿಮ್ಮಿಂದ. ನಂಗೇನೋ ಅದು ಉಳ್ಕೊಳ್ಳತ್ತೆ. ಅಜ್ಜಿಗೆ ಉಳಿಯಲ್ಲ. ದಿನಾ ನಿಮ್ಮನ್ನ ನೋಡಿದ್ರೇನೇ ಗಿರಿಜೆ ಬರೋದು.”

ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಹೇಳಿದ್ದೆ. ನ್ಯಾಯವಾಗಿ ಅಜ್ಜಿಯನ್ನೇ ಕೇಳಿಬಿಡೋಣ ಎಂದು ಮಾರನೆಯ ಬೆಳಿಗ್ಗೆ ಅವಳು ಬಂದಾಗ ಮಾತು ತೆಗೆದೆ. ಗಿರಿಜೆ ಎಂದಳು, ಗಿರಿಜೆ ಕತ್ತಲೆಗೆ ಹೆದರುತ್ತಿರಲಿಲ್ಲ, ಬೆಕ್ಕಿಗೆ ಹೆದರುತ್ತಿದ್ದಳು ಎಂದಳು. ನೋಡಿ ಅಜ್ಜಿ, ನಿಮ್ಮನ್ನ ಒಂದು ಮಾತು ಕೇಳಬೇಕು ಎಂದು ಶುರು ಮಾಡಿದೆ. ಮುಂದಿನ ಮಾತು ನನ್ನ ಬಾಯಿಂದ ಬರುವಷ್ಟರಲ್ಲಿ ಅಜ್ಜಿಗೆ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚದಿದ್ದದ್ದು ನೆನಪಾಯಿತು, ಎದ್ದು ಹೊರಟಳು. ಮೂವತ್ತು ವರ್ಷದಿಂದ ನನಗೆ ಯಾರನ್ನೂ ಏನನ್ನೂ ಪೂರ್ತಿ ಕೇಳಲು ಆಗಿಲ್ಲ. ಅವತ್ತು ನನಗೆ ಅಜ್ಜಿಯ ಮೇಲೂ ಸಿಟ್ಟು ಬಂತು. ನಾಗರತ್ನಳಿಗೆ ವಿಷಯ ಹೇಳಿದೆ. ಅವಳು ನೆಲ ನೋಡುತ್ತಲೇ ಕೇಳಿಸಿಕೊಂಡಳು. ನಾಗರತ್ನ ಕೂಡ ನನ್ನ ಮುಖ ನೋಡಿ ಮಾತಾಡುವವಳಲ್ಲ.

“ನಿನ್ ಬಾಳು ನಿಂದು ಅಣ್ಣ. ಬೇಡ ಅನ್ನಕ್ಕೆ ನಾನ್ಯಾರು,” ಎಂದಳು. ಬೇಡ ಎಂದಿದ್ದರೆ ನನಗೆ ಜಗಳವಾಡಲು ಒಂದು ಜಾಗವಾದರೂ ಇರುತ್ತಿತ್ತು.

ಪರೀಕ್ಷೆಯ ದಿನ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾವ ಸಾಮಾನಿಗೆ ಏನು ಬಂತು ಎಂದು ತಿಳಿಯಲು ಊರಿಗೆ ಊರೇ ಬಂದಿತ್ತು. ನಾನು ಮುಖ ತೋರಿಸಿದರೆ ಸಭೆ ಅರ್ಧ ಖಾಲಿಯಾಗುತ್ತದೆ ಎಂದು ತಲೆಯ ಮೇಲೆ ಕಂಬಳಿ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದೆ. ಕಂಬಳಿಯೊಳಗೆ ಬೆವರು ಸುರಿಯುತ್ತಿತ್ತು. ಅಂದು ಒಬ್ಬ ಹುಡುಗ ಕೊಡಪಾನಕ್ಕೆ ತಾಳ್ಮೆ ಎಂದು ಹೇಳಿದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಮಂದಾಕಿನಿಯ ಸರದಿ ಬಂತು. ಸಭೆಯಲ್ಲಿ ನೀವು ಒಪ್ಪಿದರೆ ಮಾತ್ರ ಹೇಳುತ್ತೇನೆ ಎಂದು ಅವಳು ಹಿಂದಿನ ದಿನ ನನಗೆ ಹೇಳಿದ್ದಳು. ಮೇಜಿನ ಹಿಂದೆ ದಿವಾಕರನೂ ಇನ್ನಿಬ್ಬರು ಮೇಷ್ಟ್ರುಗಳೂ ಕೂತಿದ್ದರು. ಚಪ್ಪಲಿಯ ಚಿತ್ರ ಏನು ಹೇಳುತ್ತದೆ ಎಂದು ಒಬ್ಬರು ಕೇಳಿದರು. ಬರುವಾಗಲೇ ಹೊರಟಿರುವವರನ್ನು ಹೇಳುತ್ತದೆ ಎಂದಳು. ಕೆನೆ ಕಟ್ಟಿದ ಕಾಫಿ? ಕೊಟ್ಟವರಿಗೆ ಸೇರದ, ತೆಗೆದುಕೊಂಡವರಿಗೂ ಸೇರದ ಪ್ರೀತಿ ಎಂದಳು. ಬೆನ್ನಿನ ಚಿತ್ರದ ಬಗ್ಗೆ ಕೇಳಿದಾಗ ಇದರ ಅರ್ಥ ನನ್ನದಲ್ಲ, ಹೇಳುವುದಿಲ್ಲ ಎಂದಳು. ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಕೊನೆಯ ಹಾಳೆಯನ್ನು ಗೋಡೆಗೆ ಒರಗಿಸಿದಳು. ಕಂಬಳಿಯ ಸಂದಿಯಿಂದ ನಾನೂ ನೋಡಿದೆ. ಅಷ್ಟು ದಿನ ಬರೆದ ಅರ್ಧ ಎತ್ತಿದ ಕೈ ಅದರಲ್ಲಿರಲಿಲ್ಲ. ಜಗಲಿಯ ಮೇಲೆ ನಾನು ಕೂತಿದ್ದೆ, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ, ಆ ಜಾಗದ ಮೇಲೆ ನನ್ನ ಬಲಗೈ ಅಂಗೈ ಚಾಚಿ ಮಲಗಿತ್ತು. ಯಾರೋ ಈಗಷ್ಟೇ ಎದ್ದು ಹೋದ ಜಾಗದ ಬಿಸುಪನ್ನು ಮುಟ್ಟಿ ನೋಡುವಂತೆಯೂ ಇತ್ತು, ಬರುವವರಿಗಾಗಿ ಧೂಳು ಒರೆಸಿದಂತೆಯೂ ಇತ್ತು.

ದಿವಾಕರ ಹಾಳೆಯ ಹತ್ತಿರ ಬಗ್ಗಿ ನೋಡಿದ. ಆಮೇಲೆ ಚಿತ್ರದಲ್ಲಿರುವ ಮನುಷ್ಯನ ಒಪ್ಪಿಗೆ ಇದೆಯೇ ಎಂದು ನಿಯಮದಂತೆ ಕೇಳಿದ.

ನಾನು ಎದ್ದು ನಿಂತೆ. ಅಲ್ಲೇ ಒಂದು ಮಾತು ಹೇಳಿ ಎಲ್ಲವನ್ನೂ ಇದ್ದ ಹಾಗೇ ಬಿಡಬಹುದಿತ್ತು. ಅಜ್ಜಿಯ ಮುಖ ಕಣ್ಣ ಮುಂದೆ ಬಂತು, ಬರಲಿಲ್ಲವೆಂದು ನಾನು ಹೇಳುವುದಿಲ್ಲ. ಅದರ ಹಿಂದೆಯೇ ನನ್ನ ಖಾಲಿ ಮನೆ, ಒಬ್ಬನ ಅನ್ನದ ಪುಟ್ಟ ಪಾತ್ರೆ ಬಂತು. ಒಳ್ಳೆಯವನು ಎನ್ನಿಸಿಕೊಂಡು ಒಬ್ಬನೇ ಸಾಯುವುದು ನನಗೆ ಬೇಡವಾಗಿತ್ತು. “ಒಪ್ಪಿಗೆ ಇದೆ,” ಎಂದೆ. ಕಂಬಳಿಯೊಳಗಿನಿಂದ ಬಂದ ದನಿ ನನ್ನದಲ್ಲವೇನೋ ಎಂಬಂತೆ ಕೇಳಿಸಿತು.

ಈ ಚಿತ್ರದ ಅರ್ಥವೇನು ಎಂದು ದಿವಾಕರ ಕೇಳಿದ. ಮಂದಾಕಿನಿ ನಾನಿದ್ದ ಮೂಲೆಯ ಕಡೆ ತಿರುಗಿದಳು.

“ಜೊತೆ,” ಎಂದಳು.

ನಾನು ಕಂಬಳಿ ತೆಗೆದೆ. ಯಾರೂ ಜೇಬು ಮುಟ್ಟಿಕೊಳ್ಳಲಿಲ್ಲ, ಯಾರೂ ಅಯ್ಯೋ ಎನ್ನಲಿಲ್ಲ. ಹತ್ತಿರವಿದ್ದವರು ನನ್ನನ್ನು ನೋಡಿ, ಸ್ವಲ್ಪ ಸರಿದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಕೂತೆ. ಪಕ್ಕದವನ ತೋಳು ನನ್ನ ತೋಳಿಗೆ ತಾಗುತ್ತಿತ್ತು, ಅವನು ಸರಿಯಲಿಲ್ಲ. ಸಭೆ ಮುಗಿದ ಮೇಲೆ ದಿವಾಕರ ನೇರವಾಗಿ ನನ್ನ ಹತ್ತಿರ ಬಂದ. ಹತ್ತಿರದಿಂದ ನೋಡಿದರೆ ಅವನೂ ನನ್ನಷ್ಟೇ ಮುದುಕನಾಗಿದ್ದ. ಪಕ್ಕದಲ್ಲಿ ಕೂತು ನನ್ನ ಮುಖವನ್ನೇ ನೋಡಿದ. ಹಿಂದೆ ನನ್ನನ್ನು ಕಂಡಾಗಲೆಲ್ಲ ಆ ಪರೀಕ್ಷೆಗೆ ಯೋಚಿಸಿಟ್ಟಿದ್ದ ಮಾತು ನಾಲಿಗೆಯ ತುದಿಗೆ ಬರುತ್ತಿತ್ತಂತೆ. ಅದು ಪೂರ್ತಿ ನೆನಪಾಗಿಬಿಟ್ಟರೆ, ನನಗೆ ತಪ್ಪಿಹೋದ ಬಾಳು ಎಂಥದಿತ್ತೆಂದು ಗೊತ್ತಾಗಿಬಿಡುತ್ತದೆ ಎಂದು ಹೆದರಿ ರಸ್ತೆ ದಾಟುತ್ತಿದ್ದನಂತೆ.

“ಇವತ್ತು ಅದನ್ನ ನೆನಪು ಮಾಡ್ಕೊಂಡೇಬಿಡೋಣ ಅಂತ ಬಂದೆ ಕಣೋ,” ಎಂದ. “ಈಗ ನೆನಪಿಗೆ ಬರ್ತಿಲ್ಲ.”

ಇನ್ನು ಬರುವುದೂ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಎದ್ದು ಹೋಗಲಿಲ್ಲ, ಕತ್ತಲಾಗುವವರೆಗೂ ಕೂತಿದ್ದು ನನ್ನ ಜೊತೆಯೇ ಮನೆಗೆ ಬಂದ. ಅಷ್ಟರಲ್ಲಿ ಜಗಲಿಯ ತುಂಬ ಜನ. ಯಾರೂ ಏಳುವವರಲ್ಲ. ಬಸ್ ಸ್ಟ್ಯಾಂಡಿನ ಮೇಲ್ವಿಚಾರಕ, ನಾಳೆಯಿಂದ ಕೆಲಸಕ್ಕೆ ಬರಬೇಡ, ನಿನ್ನನ್ನು ನೋಡಿಕೊಂಡು ಜನ ಬಸ್ಸು ತಪ್ಪಿಸಿಕೊಳ್ಳುತ್ತಾರೆ ಎಂದು ಹೇಳಲು ಬಂದವನು ತಾನೂ ಕೂತುಬಿಟ್ಟ. ಇವರೆಲ್ಲ ನನಗಾಗಿ ಕೂತಿದ್ದಾರೋ ಆ ಮಾತಿಗಾಗಿಯೋ ಎಂದು ಒಮ್ಮೆ ಅನ್ನಿಸಿತು. ಮೊದಲು ಓಡುತ್ತಿದ್ದದ್ದೂ ನನ್ನಿಂದಾಗಿ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಂದಾಕಿನಿ ಎಲ್ಲರಿಗೂ ಕಾಫಿ ಕೊಟ್ಟಳು. ನನಗೆ ಅಷ್ಟು ಸಂತೋಷವಾಗಿತ್ತೆಂದರೆ ಎದುರು ಮನೆಯ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಬೆಳಿಗ್ಗೆ ನಾಗರತ್ನ ಅಜ್ಜಿಯನ್ನು ಕರೆತಂದಳು. ಬರಲಾರಳೇನೋ ಎಂದುಕೊಂಡಿದ್ದೆ. ಜಗಲಿಯ ಮೇಲೆ ಕೂರಿಸಿ, ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿ, ನೋಡ್ಕೋ ಅಣ್ಣ ಎಂದಷ್ಟೇ ಹೇಳಿ ಗೇಟಿನ ಹತ್ತಿರ ಹೋಗಿ ನಿಂತಳು. ಅಜ್ಜಿ ನನ್ನನ್ನು ನೋಡಿದಳು. ನಾನು ಕಾದೆ. ಅವಳ ಕಣ್ಣು ತುಂಬಲಿಲ್ಲ. ಮುಖದಲ್ಲಿ ಏನೋ ನಿರಾಳವಿತ್ತು. ಕಾಲು ಚಾಚಿ, ಗೋಡೆಗೆ ಒರಗಿ, ಬಿಸಿಲು ಹಿತವಾಗಿದೆ ಎಂದಳು. ಕಾಫಿ ಕೊಟ್ಟೆ, ಕುಡಿದಳು. ಬುಟ್ಟಿ, ಹೂವು, ಒದ್ದೆ ಬಟ್ಟೆ ಯಾವುದರ ಮಾತೂ ಇಲ್ಲ. ಬೀದಿಯಲ್ಲಿ ಹಾಲಿನವನು ಹೋದ, ಶಾಲೆಯ ಮಕ್ಕಳು ಹೋದರು. ಅಜ್ಜಿ ಅಲ್ಲೇ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅಜ್ಜಿ, ಗಿರಿಜೆ,” ಎಂದೆ.

“ಗಿರಿಜೆ,” ಎಂದು ಬಾಯಲ್ಲಿ ಆಡಿಸಿ ನೋಡಿದಳು. “ಒಳ್ಳೇ ಹೆಸ್ರು. ಯಾರ್ ಮಗಳಪ್ಪ?”

ಗೇಟಿನ ಹತ್ತಿರ ನಾಗರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿಮ್ಮ ಮಗಳೇ ಎಂದೆ. ಹೌದಾ ಎಂದು ಅಜ್ಜಿ ನಕ್ಕಳು, ಯಾರೋ ಒಳ್ಳೆಯ ಸುದ್ದಿ ತಂದಂತೆ. ಹೇಗಿದ್ದಾಳೆ ಎಂದು ಕೇಳಿದಳು. ನಾನು ಹೇಳತೊಡಗಿದೆ. ಎಡಗೈಯಲ್ಲಿ ಹೂ ಕಟ್ಟುತ್ತಾಳೆ ಎಂದೆ, ಮೊಸರು ಮುಟ್ಟುವುದಿಲ್ಲ ಎಂದೆ. ಕತ್ತಲೆಗೆ ಹೆದರದವಳು ಬೆಕ್ಕಿಗೆ ಹೆದರುತ್ತಾಳೆ ಎಂದಾಗ ಅಜ್ಜಿ ಜೋರಾಗಿಯೇ ನಕ್ಕಳು. ಎಷ್ಟೋ ಬೆಳಗುಗಳಲ್ಲಿ ಅವಳು ಒಂದೊಂದಾಗಿ ಹೇಳಿ ಎದ್ದುಹೋದದ್ದೆಲ್ಲ ನನ್ನ ಹತ್ತಿರ ಒಟ್ಟಿಗಿತ್ತು, ಒಂದೂ ಬಿಡದೆ ಹೇಳಿದೆ. ಜ್ವರದ ಹತ್ತಿರ ಬಂದಾಗ ನಿಲ್ಲಿಸಿದೆ. ಅಜ್ಜಿ ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ ಬೀದಿಯ ಆ ತುದಿ, ಈ ತುದಿ ನೋಡಿದಳು.

“ಎಲ್ಲಿ, ಕಾಣಿಸ್ತಿಲ್ಲ?”

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆಡಕ್ಕೆ ಹೋಗಿದಾಳೆ ಅಜ್ಜಿ, ಬರ್ತಾಳೆ ಎಂದೆ.

“ಹಂಗಾದ್ರೆ ಬರ್ಲಿ,” ಎಂದು ಅಜ್ಜಿ ನನ್ನ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. “ಕೂತಿರಾಣ.”